ಸ್ಯಾಂಡ್‌ಬಾಕ್ಸ್ ಬ್ರೌಸರ್ ಅದ ಅಂದ್ರ ಆಂಟಿವೈರಸ್ ಬ್ಯಾಡೇನು?

(ಪಾಡ್‌ಕಾಸ್ಟ್ ಸಂಚಿಕೆಯ ಲಿಖಿತ ರೂಪ. ಮಾತಿನ ಧಾಟಿಯನ್ನು ಹಾಗೇ ಉಳಿಸಿಕೊಳ್ಳಲಾಗಿದೆ.)

ರಾಯಚೂರಿನಿಂದ ಮಾತಾಡ್ತಿದ್ದೀನಿ. ಈ ಸಲದ ವಿಷಯ ನಾನು ಹುಡುಕಿದ್ದಲ್ಲ, ಮಾನ್ವಿ ಕಡೆಯ ಒಬ್ಬ ಕೇಳುಗ ಕಳಿಸಿದ ವಾಯ್ಸ್ ಮೆಸೇಜ್‌ನಿಂದ ಸಿಕ್ಕಿದ್ದು. ಅವನ ಪ್ರಶ್ನೆ ಹಿಂಗದ: "ಅಣ್ಣಾ, ನಾನು ಫೋನಿನ ಸೆಕ್ಯೂರ್ ಫೋಲ್ಡರ್ ಒಳಗ ಬ್ಯಾರೆ ಬ್ರೌಸರ್ ಇಟ್ಕೊಂಡೀನಿ. ಗೊತ್ತಿಲ್ಲದ ಲಿಂಕೆಲ್ಲ ಅದ್ರಾಗೇ ತೆಗೀತೀನಿ. ಹೊರಗ ಆಂಟಿವೈರಸ್ ಆಪ್ ಅದ, ಅದ್ರಾಗ ವೆಬ್ ಪ್ರೊಟೆಕ್ಷನ್ ಆನ್ ಮಾಡೀನಿ. ಎರಡೂ ಸೇರಿ ಕೆಲಸ ಮಾಡ್ತಾವೇನು? ಇಲ್ಲಾ ಒಂದಿದ್ರೆ ಇನ್ನೊಂದು ದಂಡ ಏನು? ಇದೇ ಫೋನ್‌ನ್ಯಾಗ ಅಪ್ಪನ ಬ್ಯಾಂಕ್ ಖಾತೆನೂ ಅದ."

ಕೊನೇ ಮಾತು ಕೇಳಿಸ್ಕೊಂಡ್ರಲ್ಲ? ಒಂದು ಫೋನು, ಮನೆ ಮಂದಿಯ ಖಾತೆ. ನಮ್ಮ ಜಿಲ್ಲೆಯಲ್ಲಿ ಇದು ಒಬ್ಬನ ಕಥೆ ಅಲ್ಲ. ಹತ್ತಿ ಮಾರಿದ ದುಡ್ಡು, ಪಿಎಂ ಕಿಸಾನ್ ಕಂತು, ಅವ್ವನ ಗೃಹಲಕ್ಷ್ಮಿಯ 2,000 ರೂಪಾಯಿ ಎಲ್ಲದರ ಮೆಸೇಜೂ ಮನೆಯಲ್ಲಿ ಓದಿದ ಹುಡುಗನ ಫೋನಿಗೇ ಬರ್ತಾವೆ. ಅದಕ್ಕೇ ಈ ಪ್ರಶ್ನೆಗೆ ನೆಟ್ಟಗೆ ಉತ್ತರ ಕೊಡೋಣ.

ಚಿಕ್ಕ ಉತ್ತರ ಮೊದಲೇ ಹೇಳಿಬಿಡ್ತೀನಿ. ಎರಡೂ ಬೇಕು, ಯಾಕಂದ್ರೆ ಎರಡೂ ಮಾಡೋ ಕೆಲಸ ಬೇರೆ. ಆದ್ರೆ ಬ್ರೌಸರ್ ಗೋಡೆಯ ಯಾವ ಕಡೆ ಅದನೋ ಆಂಟಿವೈರಸ್‌ನ ಕಣ್ಣು ಆ ಕಡೆ ಬೀಳಬೇಕು. ಇವನ ಫೋನಿನಲ್ಲಿ ಬಹುಶಃ ಬೀಳ್ತಿಲ್ಲ. ಯಾಕೆ ಅಂತ ಈಗ ಬಿಡಿಸಿ ನೋಡೋಣ.

ಪಡಸಾಲೆಯ ಲೆಕ್ಕ

ನಮ್ಮ ಕಡೆ ಹಳೇ ಮನೆಗಳಲ್ಲಿ ಗುರುತಿಲ್ಲದವರು ಬಂದ್ರೆ ಪಡಸಾಲ್ಯಾಗ ಕೂಡಿಸ್ತಾರೆ. ನೀರು ಕೊಡ್ತಾರೆ, ಚಾ ಕೊಡ್ತಾರೆ, ಮಾತಾಡಿಸ್ತಾರೆ. ಟ್ರಂಕು, ತಿಜೋರಿ ಇರೋ ಒಳಕೋಣೆಗೆ ಮಾತ್ರ ಬಿಡೋದಿಲ್ಲ. ಸ್ಯಾಂಡ್‌ಬಾಕ್ಸ್ ಅಂದ್ರೆ ಇಷ್ಟೇ. ಬಂದ ವೆಬ್‌ಸೈಟ್ ಒಳ್ಳೆಯದೋ ಕೆಟ್ಟದ್ದೋ ಅಂತ ಅದು ಕೇಳೋದೇ ಇಲ್ಲ. ಯಾರೇ ಬರಲಿ, ಕೂಡೋದು ಪಡಸಾಲೆಯಲ್ಲೇ.

ಈ ಪಡಸಾಲೆ ನಿಮ್ಮ ಫೋನಿನಲ್ಲಿ ಆಗಲೇ ಅದ. ಆಂಡ್ರಾಯ್ಡ್ ಪ್ರತಿಯೊಂದು ಆಪ್‌ಗೂ ಬೇರೆ ಬೇರೆ ಯೂಸರ್ ನಂಬರ್ ಕೊಟ್ಟು ಕೂಡಿಸುತ್ತೆ. ವಾಟ್ಸಾಪ್‌ನ ಫೈಲನ್ನು ಗೇಮ್ ಆಪ್ ಮುಟ್ಟೋ ಹಂಗಿಲ್ಲ, ಬ್ಯಾಂಕ್ ಆಪ್‌ನ ಡೇಟಾವನ್ನು ಕ್ಯಾಲ್ಕುಲೇಟರ್ ಮುಟ್ಟೋ ಹಂಗಿಲ್ಲ. ಕ್ರೋಮ್ ಬ್ರೌಸರ್ 2008ರಲ್ಲಿ ಬಂದಾಗಲೇ ಪುಟಗಳನ್ನು ಸ್ಯಾಂಡ್‌ಬಾಕ್ಸ್ ಒಳಗೆ ತೆಗೆಯೋ ಪದ್ಧತಿ ತಂದಿತ್ತು. ಸ್ಯಾಮ್‌ಸಂಗ್‌ನ ಸೆಕ್ಯೂರ್ ಫೋಲ್ಡರ್, ಆಂಡ್ರಾಯ್ಡ್ 15ರ ಜೊತೆ 2024ರಲ್ಲಿ ಬಂದ ಪ್ರೈವೇಟ್ ಸ್ಪೇಸ್, ಇವೆಲ್ಲ ಅದರ ಮೇಲೆ ಕಟ್ಟಿದ ಇನ್ನೊಂದು ಗೋಡೆ. ಒಂದೇ ಫೋನಿನಲ್ಲಿ ಇನ್ನೊಬ್ಬ ಬಳಕೆದಾರನ ಮನೆ ಇದ್ದಂಗೆ.

ಇನ್ನು ವೆಬ್ ಪ್ರೊಟೆಕ್ಷನ್. ಇದು ಊರ ಅಗಸಿಯಲ್ಲಿ ಕೈಯಾಗ ಪಟ್ಟಿ ಹಿಡ್ಕೊಂಡು ನಿಂತ ಮನುಷ್ಯ. ನೀವು ಲಿಂಕ್ ಒತ್ತಿದ ಕೂಡಲೇ ಆ ವಿಳಾಸ ಮೋಸದ ಪಟ್ಟಿಯಲ್ಲಿದೆಯಾ ಅಂತ ನೋಡ್ತಾನೆ. ಇದ್ರೆ ಪುಟ ತೆಗೆಯೋದಕ್ಕೂ ಮುಂಚೆ ಕೆಂಪು ಪರದೆ ತೋರಿಸ್ತಾನೆ. ಅವನ ಕಷ್ಟ ಏನಂದ್ರೆ, ಕಳ್ಳರು ದಿನಾ ಹೆಸರು ಬದಲಾಯಿಸ್ತಾರೆ. ಒಂದು ಮೋಸದ ಸೈಟ್ ಸರಾಸರಿ 10 ನಿಮಿಷಕ್ಕಿಂತ ಕಡಿಮೆ ಹೊತ್ತು ಬದುಕಿರುತ್ತೆ ಅಂತ ಗೂಗಲ್ 2024ರ ಮಾರ್ಚ್‌ನಲ್ಲಿ ಹೇಳಿತು. ಆ ಕಾರಣಕ್ಕೇ ಕ್ರೋಮ್‌ನಲ್ಲಿ ವಿಳಾಸಗಳನ್ನು ಆ ಕ್ಷಣದಲ್ಲೇ ತಾಳೆ ನೋಡೋ ವ್ಯವಸ್ಥೆ ತಂದರು. ಅದಕ್ಕೂ ಮುಂಚೆ ಅರ್ಧ ಗಂಟೆಗೋ ಒಂದು ಗಂಟೆಗೋ ಒಮ್ಮೆ ಪಟ್ಟಿ ಹೊಸದಾಗ್ತಿತ್ತು. ಅಷ್ಟರಲ್ಲಿ ಕಳ್ಳ ಬಂದು ಹೋಗಿರ್ತಿದ್ದ.

ನಾನು ಬಿಕಾಂ ಓದಿದವನು. ಆಡಿಟಿಂಗ್ ಪೇಪರಿನಲ್ಲಿ ಇಂಟರ್ನಲ್ ಚೆಕ್ ಅಂತ ಒಂದು ಪಾಠ ಇರ್ತದ. ನಗದು ಎಣಿಸೋನು ಬೇರೆ, ಲೆಡ್ಜರ್ ಬರೆಯೋನು ಬೇರೆ ಇರಬೇಕು. ಇಬ್ಬರೂ ನಗದೇ ಎಣಿಸಿದ್ರೆ ಲಾಭ ಇಲ್ಲ. ಇಲ್ಲೂ ಅದೇ ಲೆಕ್ಕ. ಸ್ಯಾಂಡ್‌ಬಾಕ್ಸ್ ನಿಮ್ಮ ಫೋನನ್ನು ಪುಟದಿಂದ ಕಾಯುತ್ತೆ. ವೆಬ್ ಪ್ರೊಟೆಕ್ಷನ್ ನಿಮ್ಮನ್ನು ಪುಟದಿಂದ ಕಾಯುತ್ತೆ. ಒಂದು ಸುಳ್ಳು ಬ್ಯಾಂಕ್ ಪುಟ ಫೋನಿಗೆ ಏನೂ ಮಾಡೋದಿಲ್ಲ, ಒಂದು ವೈರಸ್ಸೂ ಬಿಡೋದಿಲ್ಲ. ಪಡಸಾಲೆಯಲ್ಲೇ ಮರ್ಯಾದೆಯಿಂದ ಕೂತು "ನಿಮ್ಮ ಪಾಸ್‌ವರ್ಡ್ ಹೇಳ್ರಿ" ಅಂತ ಕೇಳುತ್ತೆ. ಸ್ಯಾಂಡ್‌ಬಾಕ್ಸ್‌ನ ಲೆಕ್ಕದಲ್ಲಿ ಅಲ್ಲಿ ಏನೂ ತಪ್ಪು ನಡೆದಿಲ್ಲ. ಅಲ್ಲಿ ತಡೆಯೋಕೆ ಆಗೋದು ಪಟ್ಟಿ ಹಿಡಿದ ಮನುಷ್ಯನಿಗೆ ಮಾತ್ರ.

ಇದೇ ಕಾರಣಕ್ಕೆ ಎರಡು ಆಂಟಿವೈರಸ್ ಹಾಕೋದು ಜಾಣತನ ಅಲ್ಲ. ಅದು ಇಬ್ಬರೂ ನಗದು ಎಣಿಸಿದಂಗೆ. ವಿಂಡೋಸ್ ಕಂಪ್ಯೂಟರಿನಲ್ಲಿ ನೀವು ಬೇರೆ ಆಂಟಿವೈರಸ್ ಹಾಕಿದ್ರೆ ಅದರ ಜೊತೆಗೇ ಬಂದಿರೋ ಡಿಫೆಂಡರ್ ತಾನಾಗೇ ಹಿಂದೆ ಸರಿಯುತ್ತೆ, ಗೊತ್ತಿರಲಿ.

ಫೋನಿನಲ್ಲಿ ಎಲ್ಲಿ ತಪ್ಪುತ್ತೆ

ಈಗ ಮಾನ್ವಿಯ ತಮ್ಮನ ಫೋನಿಗೆ ಬರೋಣ. ಆಂಡ್ರಾಯ್ಡ್‌ನಲ್ಲಿ ಆಂಟಿವೈರಸ್ ಕೂಡ ಒಂದು ಆಪ್ ಅಷ್ಟೇ. ಅದಕ್ಕೂ ಒಂದು ಪಡಸಾಲೆ ಅದ. ಹಂಗಾದ್ರೆ ಅದು ಕ್ರೋಮ್‌ನಲ್ಲಿ ನೀವು ತೆಗೆದ ವಿಳಾಸವನ್ನು ನೋಡೋದು ಹೆಂಗೆ? ಎರಡು ದಾರಿ ಇದಾವೆ.

ಒಂದು, ಆಕ್ಸೆಸಿಬಿಲಿಟಿ ಪರ್ಮಿಷನ್. ಕಣ್ಣು ಕಾಣದವರಿಗೆ ಪರದೆ ಓದಿ ಹೇಳೋ ಆಪ್‌ಗಳಿಗಾಗಿ ಮಾಡಿದ ಸೌಲಭ್ಯ ಇದು. ಇದನ್ನು ಪಡೆದ ಆಪ್ ಪರದೆ ಮೇಲಿನ ವಿಳಾಸ ಓದಬಲ್ಲದು. ಆದ್ರೆ ಆಂಟಿವೈರಸ್ ಕಂಪನಿ ಯಾವ ಬ್ರೌಸರ್‌ಗಳನ್ನು ತನ್ನ ಪಟ್ಟಿಯಲ್ಲಿ ಸೇರಿಸಿದೆಯೋ ಅವುಗಳಲ್ಲಿ ಮಾತ್ರ ಕೆಲಸ ಮಾಡುತ್ತೆ. ಇನ್‌ಸ್ಟಾಗ್ರಾಂ ಒಳಗೇ ತೆರೆಯೋ ಪುಟ, ಹೆಸರಿಲ್ಲದ ಯಾವುದೋ ಚಿಕ್ಕ ಬ್ರೌಸರ್ ಇವೆಲ್ಲ ಬಿಟ್ಟು ಹೋಗಬಹುದು.

ಎರಡು, ವಿಪಿಎನ್ ದಾರಿ. ಫೋನಿನಿಂದ ಹೊರಗೆ ಹೋಗೋ ಎಲ್ಲ ಸಂಚಾರವನ್ನೂ ಆಪ್ ತನ್ನ ಮೂಲಕ ಹಾಯಿಸಿ ನೋಡುತ್ತೆ. ಇದರಲ್ಲಿ ಬ್ರೌಸರ್ ಯಾವುದು ಅಂತ ಭೇದ ಇಲ್ಲ. ಆದ್ರೆ ಒಂದು ಸಲಕ್ಕೆ ಒಂದೇ ವಿಪಿಎನ್ ನಡೆಯುತ್ತೆ. ಬೇರೆ ವಿಪಿಎನ್ ಆನ್ ಮಾಡಿದ್ರೆ ಈ ಕಾವಲು ಸದ್ದಿಲ್ಲದೆ ಹೋಗಿಬಿಡುತ್ತೆ. ಇನ್ನೂ ಮುಖ್ಯದ್ದು, ಆಂಡ್ರಾಯ್ಡ್‌ನಲ್ಲಿ ವಿಪಿಎನ್ ಒಬ್ಬ ಬಳಕೆದಾರನಿಗೆ ಸೀಮಿತ. ಸೆಕ್ಯೂರ್ ಫೋಲ್ಡರ್ ಇನ್ನೊಬ್ಬ ಬಳಕೆದಾರನ ಮನೆ ಅಂದೆನಲ್ಲ? ಹೊರಗಿನ ವಿಪಿಎನ್ ಆ ಮನೆಗೆ ಕಾವಲು ಕಾಯೋದಿಲ್ಲ.

ಅಂದ್ರೆ ಏನಾಯ್ತು? ಅನುಮಾನದ ಲಿಂಕ್‌ಗಳನ್ನೆಲ್ಲ ಅವನು ಆರಿಸಿ ಆರಿಸಿ ಕಾವಲುಗಾರ ಇಲ್ಲದ ಮನೆಗೇ ತಗೊಂಡು ಹೋಗ್ತಿದ್ದಾನೆ! ಗೋಡೆ ಗಟ್ಟಿ ಇದೆ, ನಿಜ. ಕಳ್ಳ ಈ ಕಡೆ ಬರೋದಿಲ್ಲ. ಆದ್ರೆ ಕಾವಲುಗಾರನೂ ಆ ಕಡೆ ಹೋಗೋದಿಲ್ಲ.

ಪರಿಹಾರ ಕಷ್ಟದ್ದಲ್ಲ. ಸೆಕ್ಯೂರ್ ಫೋಲ್ಡರ್ ಒಳಗೂ ಕ್ರೋಮ್ ಇಟ್ಟು, ಅದರ ಸೆಟ್ಟಿಂಗ್ಸ್‌ನಲ್ಲಿ ಸೇಫ್ ಬ್ರೌಸಿಂಗ್ ಆನ್ ಇದೆಯಾ ನೋಡ್ರಿ. ಈ ಕಾವಲು ಬ್ರೌಸರ್‌ನ ಒಳಗೇ ಇರೋದ್ರಿಂದ ಬ್ರೌಸರ್ ಹೋದ ಕಡೆ ಅದೂ ಬರುತ್ತೆ. ಅದಕ್ಕಿಂತಲೂ ಒಳ್ಳೇದು, ವ್ಯವಸ್ಥೆಯನ್ನೇ ತಿರುಗಿಸೋದು: ಬ್ಯಾಂಕ್ ಆಪ್ ಮತ್ತು ಅಪ್ಪನ ಕಾಗದಪತ್ರ ಸೆಕ್ಯೂರ್ ಫೋಲ್ಡರ್ ಒಳಗೆ, ಕಂಡ ಲಿಂಕ್ ತೆಗೆಯೋ ಬ್ರೌಸರ್ ಹೊರಗೆ, ಆಂಟಿವೈರಸ್‌ನ ಕಣ್ಣೆದುರಿಗೆ. ನಮ್ಮ ಹಿರಿಯರು ಬಂಗಾರವನ್ನು ಒಳಕೋಣೆಯಲ್ಲಿಟ್ಟು ಅತಿಥಿಯನ್ನು ಪಡಸಾಲೆಯಲ್ಲಿ ಕೂಡಿಸಿದ್ರು. ಅತಿಥಿಯನ್ನು ಒಳಕೋಣೆಗೆ ಕರ್ಕೊಂಡು ಹೋಗಿ ಬಂಗಾರವನ್ನು ಪಡಸಾಲೆಯಲ್ಲಿ ಇಟ್ಟವರಲ್ಲ.

ದೇವದುರ್ಗದ ಆನ್‌ಲೈನ್ ಸೆಂಟರ್‌ನ ಕಂಪ್ಯೂಟರ್

ಕಂಪ್ಯೂಟರಿನಲ್ಲಿ ಲೆಕ್ಕ ಸ್ವಲ್ಪ ಬೇರೆ. ದೇವದುರ್ಗದಂಥ ಊರಿನಲ್ಲಿ ಒಂದು ಆನ್‌ಲೈನ್ ಸೆಂಟರ್ ಅಂದ್ರೆ ಏನು ಅಂತ ನಿಮಗೆ ಗೊತ್ತು. ಪಹಣಿ, ಬೆಳೆ ವಿಮೆ, ಜಾತಿ ಆದಾಯ ಪ್ರಮಾಣಪತ್ರ, ಸ್ಕಾಲರ್‌ಶಿಪ್ ಎಲ್ಲ ಒಂದೇ ಕಂಪ್ಯೂಟರಿನಲ್ಲಿ. ಡೌನ್‌ಲೋಡ್ ಫೋಲ್ಡರ್ ತೆಗೆದ್ರೆ ಸುತ್ತಿನ ಹಳ್ಳಿಗಳ ಆಧಾರ್, ಪಾಸ್‌ಬುಕ್ ಎಲ್ಲ ಅಲ್ಲೇ. ಅದೇ ಕಂಪ್ಯೂಟರಿನಲ್ಲಿ ಗಿರಾಕಿಯ ಪೆನ್‌ಡ್ರೈವ್, ಗಿರಾಕಿ ಫಾರ್ವರ್ಡ್ ಮಾಡಿದ ಲಿಂಕ್.

ಇಲ್ಲಿ ಸ್ಯಾಂಡ್‌ಬಾಕ್ಸ್ ಎರಡು ಬಗೆಯದ್ದು ಸಿಗುತ್ತೆ. ಒಂದು ಸ್ಯಾಂಡ್‌ಬಾಕ್ಸಿ ಅನ್ನೋ ಸಾಫ್ಟ್‌ವೇರ್. 2004ರಿಂದ ಇದೆ, 2020ರಲ್ಲಿ ಓಪನ್ ಸೋರ್ಸ್ ಆಯ್ತು, ಈಗ ಸ್ಯಾಂಡ್‌ಬಾಕ್ಸಿ-ಪ್ಲಸ್ ಅಂತ ನಡೀತಿದೆ. ಇದು ಅದೇ ವಿಂಡೋಸ್ ಒಳಗೆ ಬ್ರೌಸರ್ ಸುತ್ತ ಬೇಲಿ ಹಾಕುತ್ತೆ. ಇಂಟರ್‌ನೆಟ್ ಸಂಚಾರ ಮಾತ್ರ ಅದೇ ವಿಂಡೋಸ್ ಮೂಲಕವೇ ಹೋಗುತ್ತೆ. ಹಂಗಾಗಿ ಆಂಟಿವೈರಸ್‌ನ ವೆಬ್ ಪ್ರೊಟೆಕ್ಷನ್ ಅದನ್ನು ನೋಡಬಲ್ಲದು. ಬೇಲಿಯೊಳಗೆ ಇಳಿದ ಫೈಲುಗಳೂ ಡಿಸ್ಕಿನ ಮೇಲೆ ಒಂದು ಮಾಮೂಲಿ ಫೋಲ್ಡರ್‌ನಲ್ಲೇ ಕೂಡೋದ್ರಿಂದ ಅವನ್ನೂ ಸ್ಕ್ಯಾನ್ ಮಾಡುತ್ತೆ. ಇಲ್ಲಿ ಇಬ್ಬರೂ ಜೊತೆಗೆ ದುಡೀತಾರೆ. ಕೆಲವೊಮ್ಮೆ ಆಂಟಿವೈರಸ್ ಬ್ರೌಸರ್ ಒಳಗೇ ತನ್ನ ತುಣುಕು ಸೇರಿಸೋಕೆ ಹೋಗಿ ಜಗಳ ಆಗುತ್ತೆ, ಪುಟ ತೆಗೆಯೋದಿಲ್ಲ. ಅದಕ್ಕೆ ಸ್ಯಾಂಡ್‌ಬಾಕ್ಸಿಯಲ್ಲೇ ಸಾಫ್ಟ್‌ವೇರ್ ಕಂಪ್ಯಾಟಿಬಿಲಿಟಿ ಅನ್ನೋ ಆಯ್ಕೆ ಇದೆ, ನಿಮ್ಮ ಆಂಟಿವೈರಸ್ ಹೆಸರು ಅಲ್ಲಿದ್ರೆ ಟಿಕ್ ಮಾಡ್ರಿ.

ಒಂದು ವಿಷಯ ಮಾತ್ರ ಗಟ್ಟಿಯಾಗಿ ನೆನಪಿಡ್ರಿ. ಸ್ಯಾಂಡ್‌ಬಾಕ್ಸಿಯ ಮಾಮೂಲಿ ಬೇಲಿ ಹೊರಗಿನ ಫೈಲನ್ನು ಬದಲಾಯಿಸೋದನ್ನು ತಡೆಯುತ್ತೆ, ಓದೋದನ್ನು ಪೂರ್ತಿ ತಡೆಯೋದಿಲ್ಲ. ಒಳಗೆ ಬಂದ ಕಳ್ಳ ತಂತ್ರಾಂಶ ಡೌನ್‌ಲೋಡ್ ಫೋಲ್ಡರ್‌ನ ಆಧಾರ್ ಪ್ರತಿಗಳನ್ನು ಅಳಿಸಲಾರದು, ಆದ್ರೆ ನೋಡಿ ಹೊರಗೆ ಕಳಿಸಬಹುದು. ಆ ಸೆಂಟರ್‌ಗೆ ನಂಬಿ ಬಂದ ರೈತನಿಗೆ ಅಳಿಸಿದ್ದಕ್ಕಿಂತ ಕಳಿಸಿದ್ದೇ ದೊಡ್ಡ ಪೆಟ್ಟು. ಅದಕ್ಕೇ ಕೆಲಸ ಮುಗಿದ ದಿನವೇ ಗಿರಾಕಿಯ ಫೈಲ್ ಅಳಿಸೋ ರೂಢಿ ಇರಬೇಕು. ಇಲ್ಲದ ಫೈಲನ್ನು ಯಾರೂ ಕದಿಯಲಾರರು.

ಎರಡನೇ ಬಗೆ, ಮೈಕ್ರೋಸಾಫ್ಟ್‌ನದೇ ವಿಂಡೋಸ್ ಸ್ಯಾಂಡ್‌ಬಾಕ್ಸ್, 2019ರಲ್ಲಿ ಬಂದದ್ದು. ಪ್ರೊ, ಎಂಟರ್‌ಪ್ರೈಸ್, ಎಜುಕೇಷನ್ ಆವೃತ್ತಿಗಳಲ್ಲಿ ಮಾತ್ರ ಇದೆ, ಹೋಮ್‌ನಲ್ಲಿ ಇಲ್ಲ. ಇದು ವಿಂಡೋಸ್ ಒಳಗೆ ಇನ್ನೊಂದು ಹೊಚ್ಚ ಹೊಸ ವಿಂಡೋಸ್. ಮುಚ್ಚಿದ್ರೆ ಒಳಗಿದ್ದದ್ದೆಲ್ಲ ಹೋಯ್ತು. ಗೋಡೆ ಬಲು ಗಟ್ಟಿ. ಆದ್ರೆ ನೀವು ಹೊರಗೆ ದುಡ್ಡು ಕೊಟ್ಟು ಹಾಕಿದ ಆಂಟಿವೈರಸ್ ಈ ಹೊಸ ವಿಂಡೋಸ್‌ನಲ್ಲಿ ಇರೋದಿಲ್ಲ. ಸೆಕ್ಯೂರ್ ಫೋಲ್ಡರ್‌ನ ಕಥೆಯೇ ಇಲ್ಲೂ. ಹಂಗಾಗಿ ಅನುಮಾನದ ಫೈಲ್ ತೆಗೆದು ನೋಡೋಕೆ ಇದು ಒಳ್ಳೇದು, ಪಾಸ್‌ವರ್ಡ್ ಹಾಕೋ ಕೆಲಸಕ್ಕೆ ಅಲ್ಲ.

ಇದೆಲ್ಲಕ್ಕೂ ಮೊದಲಿನ ಮಾತು: ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ತಳಪಾಯ ಕುಸಿದ ಮನೆಗೆ ಎಷ್ಟು ಬಾಗಿಲು ಹಾಕಿದ್ರೂ ಅಷ್ಟೇ.

ಕಾವಲುಗಾರನಿಗೂ ಒಂದು ಕಣ್ಣಿಡ್ರಿ

ವೆಬ್ ಪ್ರೊಟೆಕ್ಷನ್ ಅಂದ್ರೆ ನೀವು ಹೋದ ಕಡೆಯೆಲ್ಲ ನೋಡೋ ಹಕ್ಕನ್ನು ಒಂದು ಕಂಪನಿಗೆ ಕೊಟ್ಟಂಗೆ. ಕಂಪ್ಯೂಟರಿನಲ್ಲಿ ಬೀಗದ ಗುರುತಿರೋ ಪುಟಗಳನ್ನು ಸ್ಕ್ಯಾನ್ ಮಾಡೋಕೆ ಹಲವು ಆಂಟಿವೈರಸ್‌ಗಳು ತಮ್ಮದೇ ಸರ್ಟಿಫಿಕೇಟ್ ಒಂದನ್ನು ವಿಂಡೋಸ್‌ಗೆ ಸೇರಿಸ್ತಾವೆ. ಅವಾಸ್ಟ್ ಕಂಪನಿ ಬಳಕೆದಾರರ ಬ್ರೌಸಿಂಗ್ ಮಾಹಿತಿ ಮಾರಿದ ಪ್ರಕರಣದಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2024ರ ಫೆಬ್ರವರಿಯಲ್ಲಿ 1.65 ಕೋಟಿ ಡಾಲರ್ ಕಟ್ಟಬೇಕು ಅಂತ ಹೇಳಿ, ಜಾಹೀರಾತಿಗಾಗಿ ಆ ಮಾಹಿತಿ ಮಾರೋದನ್ನು ನಿಷೇಧಿಸಿತು. ಪುಕ್ಕಟೆ ಆಪ್ ಹಾಕೋ ಮುಂಚೆ ಯಾರದ್ದು ಅಂತ ವಿಚಾರಿಸ್ರಿ. ಹೆಸರು ಕೇಳದ ಆಪ್‌ಗೆ ಆಕ್ಸೆಸಿಬಿಲಿಟಿ ಕೊಡಬ್ಯಾಡ್ರಿ, ಕಳ್ಳ ಆಪ್‌ಗಳು ಕೇಳೋದೂ ಇದೇ ಪರ್ಮಿಷನ್ನೇ. ನಮ್ಮ ಸರ್ಕಾರದ ಸಿಇಆರ್‌ಟಿ-ಇನ್ 2017ರಲ್ಲಿ ಶುರು ಮಾಡಿದ ಸೈಬರ್ ಸ್ವಚ್ಛತಾ ಕೇಂದ್ರದ ವೆಬ್‌ಸೈಟಿನಲ್ಲಿ ಉಚಿತ ಉಪಕರಣಗಳು ಸಿಗ್ತಾವೆ, ಅಲ್ಲಿಂದ ಶುರು ಮಾಡಬಹುದು.

ಎರಡೂ ಸೋಲೋ ಜಾಗ

ನಮ್ಮ ರಾಯಚೂರು ಕೋಟೆಗೂ ಎರಡು ಸುತ್ತು ಗೋಡೆ. ಒಳಗಿನದು ಕಾಕತೀಯರ ಕಾಲದ್ದು, 1294ರ ಶಾಸನ ಅಲ್ಲೇ ಉದ್ದನೆ ಕಲ್ಲಿನ ಮೇಲೆ ಅದ. ಹೊರಗಿನದು ಆಮೇಲೆ ಬಂದ ಸುಲ್ತಾನರ ಕಾಲದ್ದು. 1520ರಲ್ಲಿ ಕೃಷ್ಣದೇವರಾಯ ಮುತ್ತಿಗೆ ಹಾಕಿದಾಗ ಏನಾಯ್ತು ಅಂತ ಪೋರ್ಚುಗೀಸ್ ಬರಹಗಾರ ನೂನಿಜ್ ಬರೆದಿದ್ದಾನೆ. ಹೊರಗಿದ್ದ ಪೋರ್ಚುಗೀಸ್ ಬಂದೂಕಿನವರು ಎಲ್ಲಿದ್ದಾರೆ ಅಂತ ನೋಡೋಕೆ ಕೋಟೆಯ ಅಧಿಕಾರಿ ತಾನೇ ಗೋಡೆಯಿಂದ ಹೊರಗೆ ಬಾಗಿದ, ಗುಂಡು ಹಣೆಗೆ ಬಿತ್ತು. ಆಮೇಲೆ ಊರು ಶರಣಾಯ್ತು.

ನಮ್ಮ ಫೋನಿನಲ್ಲಿ ಹೊರಗೆ ಬಾಗೋದು ಅಂದ್ರೆ ಎಪಿಕೆ ಫೈಲ್. ವಾಟ್ಸಾಪ್‌ಗೆ ಆರ್‌ಟಿಒ ಚಲನ್ ಅಂತಲೋ, ಪಿಎಂ ಕಿಸಾನ್ ಅಂತಲೋ, ಮದುವೆ ಆಮಂತ್ರಣ ಅಂತಲೋ ಒಂದು ಫೈಲ್ ಬರುತ್ತೆ. ಲಗ್ನಪತ್ರಿಕೆ ಫೋಟೋ ಆಗಿ ಬರಬಹುದು, ಪಿಡಿಎಫ್ ಆಗಿ ಬರಬಹುದು. ಇನ್‌ಸ್ಟಾಲ್ ಮಾಡ್ರಿ ಅಂತ ಯಾವ ಲಗ್ನಪತ್ರಿಕೆಯೂ ಕೇಳೋದಿಲ್ಲ. ಈ ಫೈಲ್ ಬ್ರೌಸರ್ ಮೂಲಕ ಬರೋದೇ ಇಲ್ಲ, ಹಂಗಾಗಿ ಸ್ಯಾಂಡ್‌ಬಾಕ್ಸ್ ಬ್ರೌಸರ್‌ಗೂ ವೆಬ್ ಪ್ರೊಟೆಕ್ಷನ್‌ಗೂ ಇದರ ಸುದ್ದಿಯೇ ಗೊತ್ತಾಗೋದಿಲ್ಲ. ಇನ್‌ಸ್ಟಾಲ್ ಆದ ಮೇಲೆ ಅದಕ್ಕೂ ಒಂದು ಪಡಸಾಲೆ ಸಿಗುತ್ತೆ. ಅಲ್ಲಿ ಕೂತು "ಎಸ್‌ಎಂಎಸ್ ಓದಲಾ?" ಅಂತ ಕೇಳುತ್ತೆ. ಅಲೋ ಅಂತ ಒತ್ತಿದ್ರೆ ಒಳಬಾಗಿಲಿನ ಚಿಲಕ ಮನೆಯವರೇ ತೆಗೆದಂಗೆ. ಆಮೇಲೆ ಬರೋ ಒಟಿಪಿ ಎಲ್ಲ ಬೇರೆಯವರ ಪಾಲು.

ಲೆಕ್ಕ ಹಾಕಿ ನೋಡ್ರಿ. 2025-26ರ ಹಂಗಾಮಿಗೆ ಉದ್ದ ಎಳೆಯ ಹತ್ತಿಗೆ ಬೆಂಬಲ ಬೆಲೆ ಕ್ವಿಂಟಲ್‌ಗೆ 8,110 ರೂಪಾಯಿ. ಸಿಸಿಐಗೆ 30 ಕ್ವಿಂಟಲ್ ಹಾಕಿದ ಮನೆಯ ಖಾತೆಗೆ ನೇರ ಬೀಳೋ ದುಡ್ಡು 2,43,300. ಒಂದು ಹಂಗಾಮಿನ ಬಿತ್ತನೆ, ಔಷಧಿ, ಬಿಡಿಸೋ ಕೂಲಿ ಎಲ್ಲ ಅದರಲ್ಲೇ ತೀರಬೇಕು. ಅದೆಲ್ಲ ಒಂದು 'ಅಲೋ' ಬಟನ್ನಿನ ಹಿಂದೆ ನಿಂತಿದೆ.

ಗೂಗಲ್ ಪ್ಲೇ ಪ್ರೊಟೆಕ್ಟ್ ಇದಕ್ಕೆ ಒಂದು ತಡೆ ತಂದಿದೆ. ಹೊರಗಿನಿಂದ ಬಂದ, ಎಸ್‌ಎಂಎಸ್ ಅಥವಾ ಆಕ್ಸೆಸಿಬಿಲಿಟಿಯಂಥ ಪರ್ಮಿಷನ್ ಬಳಸೋ ಆಪ್‌ಗಳನ್ನು ಇನ್‌ಸ್ಟಾಲ್ ಆಗುವಾಗಲೇ ನಿಲ್ಲಿಸೋ ಪ್ರಯೋಗವನ್ನು ಭಾರತಕ್ಕೆ ತರೋದಾಗಿ 2024ರ ಅಕ್ಟೋಬರ್‌ನಲ್ಲಿ ಹೇಳಿದ್ರು. ಇದಕ್ಕೇ ಮೋಸಗಾರರು ಫೋನ್ ಮಾಡಿ "ಪ್ಲೇ ಪ್ರೊಟೆಕ್ಟ್ ಆಫ್ ಮಾಡ್ರಿ" ಅಂತ ಹೇಳಬಹುದು. ಯಾರು ಹೇಳಿದ್ರೂ ಆಫ್ ಮಾಡಬ್ಯಾಡ್ರಿ. ಆ ಮಾತು ಬಂತು ಅಂದ್ರೆನೇ ಮೋಸ ಅಂತ ತಿಳೀರಿ.

ಇವತ್ತೇ ಮಾಡಿ ನೋಡಬಹುದಾದ್ದು

ನನ್ನ ಮಾತು ನಂಬಬ್ಯಾಡ್ರಿ, ಪರೀಕ್ಷೆ ಮಾಡಿ ನೋಡ್ರಿ. ಎಎಂಟಿಎಸ್‌ಒ ಅನ್ನೋ ಸಂಸ್ಥೆ ಆಂಟಿವೈರಸ್ ಪರೀಕ್ಷೆಗೆ ಅಂತಲೇ ಅಪಾಯವಿಲ್ಲದ ನಕಲಿ ಫಿಶಿಂಗ್ ಪುಟ ಇಟ್ಟಿದೆ. ಅದನ್ನು ಮೊದಲು ಹೊರಗಿನ ಬ್ರೌಸರ್‌ನಲ್ಲಿ, ಆಮೇಲೆ ಸ್ಯಾಂಡ್‌ಬಾಕ್ಸ್ ಒಳಗಿನ ಬ್ರೌಸರ್‌ನಲ್ಲಿ ತೆಗೀರಿ. ಎರಡೂ ಕಡೆ ಎಚ್ಚರಿಕೆಯ ಪರದೆ ಬಂದ್ರೆ ಕಾವಲು ಎರಡೂ ಕಡೆ ಅದ. ಹೊರಗೆ ಬಂದು ಒಳಗೆ ಬರದೇ ಇದ್ರೆ ನಿಮ್ಮ ಉತ್ತರ ಸಿಕ್ಕಿತು. ಕಂಪ್ಯೂಟರಿನವರು ಐಕಾರ್ ಅನ್ನೋ 68 ಅಕ್ಷರದ ಪರೀಕ್ಷಾ ಫೈಲನ್ನೂ ಇಳಿಸಿ ನೋಡಬಹುದು. ಅದು ವೈರಸ್ ಅಲ್ಲ, ಆದ್ರೆ ಎಲ್ಲ ಒಳ್ಳೇ ಆಂಟಿವೈರಸ್‌ಗಳೂ ಅದನ್ನು ಹಿಡೀಬೇಕು ಅಂತ ಒಪ್ಪಂದ.

ಬ್ಯಾಂಕಿನ ವಿಳಾಸ ನೋಡೋದನ್ನೂ ಕಲೀರಿ. ಬ್ಯಾಂಕುಗಳೆಲ್ಲ 2025ರ ಅಕ್ಟೋಬರ್ 31ರೊಳಗೆ 'ಡಾಟ್ ಬ್ಯಾಂಕ್ ಡಾಟ್ ಇನ್' ಅಂತ ಮುಗಿಯೋ ವಿಳಾಸಕ್ಕೆ ಬರಬೇಕು ಅಂತ ಆರ್‌ಬಿಐ ಹೇಳಿತ್ತು. ಪಟ್ಟಿಯಲ್ಲಿ ಇಲ್ಲದ ಹೊಸ ಕಳ್ಳನನ್ನೂ ಈ ಬಾಲ ನೋಡಿ ಗುರುತಿಸಬಹುದು.

ಇಷ್ಟಾದ ಮೇಲೂ ಮನೆಯಲ್ಲಿ ಯಾರಿಗಾದ್ರೂ ಆಗಿಬಿಟ್ರೆ? ಫೋನನ್ನು ಫ್ಲೈಟ್ ಮೋಡ್‌ಗೆ ಹಾಕಿ, ಇನ್ನೊಂದು ಫೋನಿನಿಂದ ಬ್ಯಾಂಕಿಗೂ 1930ಕ್ಕೂ ಕರೆ ಮಾಡ್ರಿ. ಸೈಬರ್‌ಕ್ರೈಮ್ ಡಾಟ್ ಗೌ ಡಾಟ್ ಇನ್‌ನಲ್ಲಿ ದೂರು ಹಾಕ್ರಿ, ರಾಯಚೂರಿನ ಸಿಇಎನ್ ಪೊಲೀಸ್ ಠಾಣೆಗೂ ಹೋಗಬಹುದು. ಆ ಮೆಸೇಜು, ಫೈಲು ಅಳಿಸಬ್ಯಾಡ್ರಿ, ಅವೇ ಸಾಕ್ಷಿ. ಬ್ಯಾಂಕಿನದ್ದೂ ಗ್ರಾಹಕರದ್ದೂ ತಪ್ಪಿಲ್ಲದ ಮೋಸವನ್ನು ಮೂರು ಕೆಲಸದ ದಿನದೊಳಗೆ ತಿಳಿಸಿದ್ರೆ ಗ್ರಾಹಕರ ಹೊಣೆ ಸೊನ್ನೆ ಅಂತ ಆರ್‌ಬಿಐ 2017ರ ಜುಲೈ 6ರ ಸುತ್ತೋಲೆಯಲ್ಲಿ ಹೇಳಿತ್ತು. ಗ್ರಾಹಕರೇ ಪಿನ್, ಒಟಿಪಿ ಕೊಟ್ಟಿದ್ರೆ ತಿಳಿಸೋವರೆಗಿನ ನಷ್ಟ ಅವರದ್ದು, ತಿಳಿಸಿದ ಮೇಲಿನದ್ದು ಬ್ಯಾಂಕಿನದ್ದು ಅಂತಲೂ ಅದರಲ್ಲಿತ್ತು. ಎರಡು ಲೆಕ್ಕದಲ್ಲೂ ಬೇಗ ಹೇಳಿದವರಿಗೇ ಲಾಭ.

ಅದಕ್ಕೇ ನನ್ನ ಕೊನೇ ವಿನಂತಿ ಫೋನಿನ ಸೆಟ್ಟಿಂಗ್ಸ್ ಬಗ್ಗೆ ಅಲ್ಲ. ಅಪ್ಪನೋ ಕಾಕಾನೋ ತಪ್ಪಿ ಏನನ್ನೋ ಒತ್ತಿಬಿಟ್ರೆ ಅವರನ್ನು ಬೈಬ್ಯಾಡ್ರಿ. ಬೈಸಿಕೊಂಡವರು ಮುಂದಿನ ಸಲ ಮುಚ್ಚಿಡ್ತಾರೆ, ಮುಚ್ಚಿಟ್ಟ ಆ ಎರಡು ದಿನದಲ್ಲಿ ದುಡ್ಡು ಕೈ ದಾಟಿ ಹೋಗಿರುತ್ತೆ. "ಏನಾದ್ರೂ ಆದ್ರ ಮೊದಲು ನನಗೇ ಹೇಳ್ರಿ" ಅಂತ ಇವತ್ತೇ ಊಟದ ಹೊತ್ತಿಗೆ ಹೇಳಿಡ್ರಿ.

ಪರೀಕ್ಷೆ ಮಾಡಿದವರು ಫಲಿತಾಂಶ ವಾಯ್ಸ್ ಮೆಸೇಜ್ ಮಾಡಿ ತಿಳಿಸ್ರಿ. ಯಾವ ಫೋನು, ಯಾವ ಆಪ್ ಅಂತ ಹೇಳೋದು ಮರೀಬ್ಯಾಡ್ರಿ. ಮುಂದಿನ ಸಂಚಿಕೆಯಲ್ಲಿ ಸಿಗೋಣ. ಬರ್ತೀನ್ರಿ.